ಗೆಡ್ಡೆ ತೋರಿಸಿದ ಅಜ್ಜಿ

ಹೆಮ್ಮರಗಾಲ ಊರಿನಾಚೆ ಮಗಳ ಮನೆಯಲ್ಲಿದ್ದ ಸೋಲಿಗರ ಆ ಅಜ್ಜಿಯಿಂದ ಉತ್ತರ ಪಡೆಯುವುದು ಸುಲಭವಿರಲಿಲ್ಲ. ನಾವು ಬಾಯಿ ತೆರೆದರೆ ಎಲೆಯಡಿಕೆಯನ್ನು ಇನ್ನೊಂದು ದವಡೆಗೆ ದಾಟಿಸಿ, "ಮೊದ್ಲು ನೀನೇಳು ಮಗಾ" ಎನ್ನುತ್ತಿದ್ದಳು. ಬಾಣಂತಿಯರಿಗೆ ಕೊಡುವ ಕಾಡುಗೆಡ್ಡೆಯ ಸಂಶೋಧನೆಗೆಂದು ಬಂದ ನಮ್ಮ ಪ್ರೊಫೆಸರನ್ನೂ ಅಂಗಳದ ಚಪ್ಪರದಡಿ ಕೂರಿಸಿ, ಅವರ ಹೆಂಡತಿ ಬಾಣಂತನದಲ್ಲಿ ಏನು ತಿಂದರೆಂದು ಕೇಳಿದಳು. ಅವರಿಗೆ ಗೊತ್ತಿರಲಿಲ್ಲ.

"ಫೋನ್ ಮಾಡಿ ಕೇಳು ಸಾ, ಕಾಯ್ತೀನಿ."

ಅವರು ಫೋನ್ ಮಾಡಿ ಬೈಸಿಕೊಂಡರು.

ಹಿಂದೆ ಬಂದವರೆಲ್ಲ ಅಗೆದೊಯ್ದು ಈಗ ಒಂದೇ ಬಳ್ಳಿ ಉಳಿದಿದೆ ಎಂದು ಅಜ್ಜಿ ಬೇಲಿಯತ್ತ ಕೈತೋರಿಸಿದಳು. ಅಷ್ಟು ಕೇಳಿಯೂ ನಾವು ಅದನ್ನು ಬುಡಸಮೇತ ಕಿತ್ತು ಚೀಲಕ್ಕೆ ಹಾಕಿದೆವು. ಅಜ್ಜಿಗೆ ನಗು ತಡೆಯಲಾಗಲಿಲ್ಲ.

"ಗೆಡ್ಡೆ ತಕ್ಕೊಂಡು ಬಳ್ಳಿ ತಲೇನ ಮಣ್ಣಿಗೇ ಮಡಗ್ಬೇಕು ಕಣ್ರಪ್ಪಾ, ಮತ್ತೆ ಬರ್ಲಿ ಅಂತ. ಓಗ್ಲಿ ಬುಡಿ, ಅದು ಆ ಗೆಡ್ಡೆನೇ ಅಲ್ಲ, ಅದ್ನ ಕಾಡಂದಿನೂ ಮೂಸಾಕಿಲ್ಲ."

ಅದು ನಿಜವಾದ ಬಳ್ಳಿಯೇ ಆಗಿದ್ದರೆ ಎಂದು ನೆನೆದು ನಾನು ಚೀಲ ಬಿಚ್ಚಿದೆ. ಆ ಕೆಲಸಕ್ಕೆ ಬಾರದ ಬಳ್ಳಿಯ ತಲೆಯನ್ನೇ ಮತ್ತೆ ಕುಳಿಯಲ್ಲಿಟ್ಟು ಮಣ್ಣು ಮುಚ್ಚಿದೆ. ಅಜ್ಜಿ ಬಂದು ಹೆಬ್ಬೆರಳಿನಿಂದ ಮಣ್ಣನ್ನು ಒತ್ತಿ ನೋಡಿದಳು.

"ನಿಜವಾದದ್ದು ಎಲ್ಲಿದೆ ಅಜ್ಜೀ?"

"ಮೊದ್ಲು ನೀನೇಳು, ಬೆಳಗ್ಗಿಂದ ಯಾವ್ದರ ನೆಳ್ಳಲ್ಲಿ ಕುಂತಿದ್ದೆ?"

ತಿರುಗಿ ನೋಡಿದೆ. ಚಪ್ಪರದ ತುಂಬ ಬಳ್ಳಿ ಹಬ್ಬಿತ್ತು. ಪ್ರೊಫೆಸರು ತಮ್ಮ ಛತ್ರಿಯನ್ನು ಅದಕ್ಕೇ ನೇತುಹಾಕಿದ್ದರು.