ದೊರೆಗೆ ಬಂದ ತುರಿಕೆ

ನಮ್ಮ ಮನೆಯವರದು ಕಟಿಂಗ್ ಶಾಪು. ಮೂವತ್ತೊಂದು ವರ್ಷದಿಂದ ಅದೇ ಎರಡು ಕುರ್ಚಿ, ಅದೇ ಕನ್ನಡಿ. ಕೈ ಬಂಗಾರ, ಬಾಯಿಯದೇ ಗೋಳು. ಸುಳ್ಳಿಗೆ ನಾಲಿಗೆ ಹೊರಳುವುದೇ ಇಲ್ಲ. "ಹೆಂಗೆ ಕಾಣ್ತಿದೀನಿ?" ಎಂದು ಗಿರಾಕಿ ಕೇಳಿದರೆ, "ನಡುನೆತ್ತಿ ಖಾಲಿಯಾಗ್ತಿದೆ ಸ್ವಾಮಿ, ಇನ್ನೆರಡು ವರ್ಷ ಅಷ್ಟೆ" ಎನ್ನುವ ಮಹಾನುಭಾವ. "ಒಂದು ಒಳ್ಳೆ ಮಾತು ಆಡಿದ್ರೆ ನಿಮ್ಮ ಗಂಟೇನು ಹೋಗತ್ತೆ?" ಎಂದು ನಾನು ಎಷ್ಟು ಬೈದರೂ ಅಷ್ಟೆ.

ಎರಡನೇ ಕುರ್ಚಿ ಬೆಕ್ಕಿನದು. ಬೂದು ಬಣ್ಣದ ಗಂಡುಬೆಕ್ಕು, ಗಿರಾಕಿಗಳು ಇಟ್ಟ ಹೆಸರು ದೊರೆ. ಬೆಳಿಗ್ಗೆ ಇವರ ಹಿಂದೆಯೇ ಅಂಗಡಿಗೆ ಹೋಗಿ ಸಂಜೆ ಇವರ ಹಿಂದೆಯೇ ಮನೆಗೆ ಬರುತ್ತಿತ್ತು. ನನ್ನ ಹತ್ತಿರ ಆಡದ ಮಾತನ್ನೆಲ್ಲ ಇವರು ಅದರ ಹತ್ತಿರ ಆಡುತ್ತಿದ್ದರು. ನನಗೆ ಹೊಟ್ಟೆಕಿಚ್ಚಿತ್ತು, ಇಲ್ಲವೆಂದು ಯಾಕೆ ಹೇಳಲಿ.

ಬೇಸಿಗೆ ಶುರುವಾಗುತ್ತಲೇ ದೊರೆ ಕೆರೆದುಕೊಳ್ಳತೊಡಗಿತು. ಕತ್ತಿನ ಹಿಂದೆ, ಬಾಲದ ಬುಡದಲ್ಲಿ ಕೂದಲು ಉದುರಿ ರೂಪಾಯಿಯಗಲ ಬೋಳಾಯಿತು. ಅದರ ಮೇಲೆಲ್ಲ ಸಣ್ಣ ಸಣ್ಣ ಹಕ್ಕಳೆ. ಕೆರೆದು ಕೆರೆದು ರಕ್ತ ಬರಿಸಿಕೊಳ್ಳುತ್ತಿತ್ತು. ಗಡ್ಡ ತೆಗೆಸಲು ಬಂದ ಮೇಷ್ಟ್ರೊಬ್ಬರು ಅದನ್ನು ನೋಡಿ, "ಇದು ನಮಗೂ ಅಂಟುತ್ತೇನಯ್ಯಾ?" ಎಂದವರು ಹಾಗೇ ಎದ್ದು ಹೋದರು.

"ಡಾಕ್ಟ್ರಿಗೆ ತೋರಿಸ್ಕೊಂಡು ಬರ್ತೀನಿ" ಎಂದರು ಇವರು. ನಾನೇ ಅಡ್ಡ ಬಾಯಿ ಹಾಕಿದೆ.

"ಬೆಕ್ಕಿಗೂ ಡಾಕ್ಟ್ರಾ? ಊರವರ ತಲೆ ತುರಿಕೆಯೆಲ್ಲ ವಾಸಿ ಮಾಡ್ತೀರಿ, ಇದೊಂದು ನಿಮ್ಮ ಕೈಲಿ ಆಗಲ್ವಾ?"

ಆ ಮಾತು ಇವರಿಗೆ ನಾಟಿತು. ತಲೆಯಲ್ಲಿ ಹುಣ್ಣಾದ ಮಕ್ಕಳನ್ನು ತಾಯಂದಿರು ಇವರ ಹತ್ತಿರವೇ ಕರೆತರುತ್ತಿದ್ದದ್ದು ನಿಜ. ಇವರದು ಒಂದೇ ಕ್ರಮ: ಸುತ್ತ ಕೂದಲು ಬೋಳಿಸಿ, ಕತ್ತಿ ಕತ್ತರಿ ತೊಳೆಯುವ ಔಷಧಿಯನ್ನು ನೀರಿಗೆ ಬೆರೆಸಿ ತೊಳೆದು, ಒಣಗಲು ಬಿಡುವುದು. ನೀರಿಗೆ ಬಿದ್ದೊಡನೆ ಹಾಲಿನಂತಾಗುವ ಆ ಔಷಧಿಯ ವಾಸನೆಗೇ ರೋಗ ಓಡಿಹೋಗುತ್ತದೆಂದು ಇವರ ನಂಬಿಕೆ.

ಅಂಗಡಿಗೆ ರಜೆಯಿದ್ದ ಮಂಗಳವಾರ ಮಧ್ಯಾಹ್ನ ಬಚ್ಚಲಲ್ಲಿ ದೊರೆಯ ನಾಲ್ಕೂ ಕಾಲನ್ನು ಟವೆಲ್ಲಿನಲ್ಲಿ ಸುತ್ತಿ ನಾನು ಹಿಡಿದುಕೊಂಡೆ. ಇವರು ಒಂದು ಗೀರೂ ಬೀಳದಂತೆ ಬೋಳಿಸಿದರು. "ಸ್ವಲ್ಪ ಗಟ್ಟಿಯಾಗೇ ಬೆರೆಸಿ, ಒಂದೇ ಸಲಕ್ಕೆ ಹೋಗ್ಲಿ" ಎಂದವಳೂ ನಾನೇ. ಮೈಪೂರ್ತಿ ತೊಳೆದು ಬಿಟ್ಟೆವು. ದೊರೆ ಬಿಸಿಲಿಗೆ ಹೋಗಿ ಕೂತು ಮೈಯೆಲ್ಲ ನೆಕ್ಕಿಕೊಳ್ಳತೊಡಗಿತು. "ನೋಡಿ, ಎಷ್ಟು ಹಾಯಾಗಿದೆ" ಎಂದೆ. ಬೆಕ್ಕು ಮೈಗೆ ಹಚ್ಚಿದ್ದನ್ನೆಲ್ಲ ಹೊಟ್ಟೆಗೂ ಹಾಕಿಕೊಳ್ಳುತ್ತದೆ ಎಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ಸಂಜೆಯೊಳಗೆ ಜೊಲ್ಲು ಸುರಿಯತೊಡಗಿತು. ಕಾಲು ನಡುಗಿ ನಿಲ್ಲಲಾರದಾಯಿತು. ಇವರು ಶರ್ಟೂ ಹಾಕದೆ ಅದನ್ನೆತ್ತಿಕೊಂಡು ಓಡಿದರು, ಹಿಂದೆ ಬರಿಗಾಲಲ್ಲಿ ನಾನು. ಪ್ರಾಣಿಗಳ ಡಾಕ್ಟ್ರಮ್ಮ ದೊರೆಯ ಮೈ ಮೂಸಿದವರೇ ಹುಬ್ಬು ಗಂಟಿಕ್ಕಿದರು.

"ಏನು ಹಾಕಿದ್ರಿ ಇದಕ್ಕೆ?"

ಇವರು ಹೇಳಿದರು.

"ಅಯ್ಯೋ, ನಮಗೆ ಅದು ಔಷಧಿ, ಬೆಕ್ಕಿಗೆ ವಿಷ ಕಣ್ರೀ. ಇದರ ಲಿವರಿಗೆ ಅದನ್ನ ತಡ್ಕೊಳೋ ಶಕ್ತಿ ಇಲ್ಲ." ಆಮೇಲೆ ಉಳಿದ ಕೂದಲನ್ನು ಬಿಡಿಸಿ, ಒಳಗೆ ಓಡಾಡುತ್ತಿದ್ದ ಚಿಗಟ ತೋರಿಸಿದರು. "ಚಿಗಟ ಕಡಿದು ಆಗಿರೋ ಅಲರ್ಜಿ, ಇಷ್ಟೇ. ಬೆಕ್ಕಿಗೇ ಅಂತ ಇರೋ ಔಷಧಿ ನಾಲ್ಕು ಹನಿ ಕತ್ತಿನ ಹಿಂದೆ ಬಿಟ್ಟು, ಅದು ಮಲಗೋ ಬಟ್ಟೆ ಬಿಸಿನೀರಲ್ಲಿ ಒಗೆದಿದ್ರೆ ಸಾಕಿತ್ತು."

ನಾಲ್ಕು ಹನಿ! ನೆಲ ಬಿರಿದು ನನ್ನನ್ನು ನುಂಗಬಾರದೇ ಎನ್ನಿಸಿತು. ಡ್ರಿಪ್ ಹಾಕಿದರು, ಸೂಜಿ ಚುಚ್ಚಿದರು. ಮೂರನೇ ದಿನ ಬೆಳಿಗ್ಗೆ ದೊರೆ ಸತ್ತುಹೋಯಿತು.

"ಯಾರಾದ್ರೂ ಕೇಳಿದ್ರೆ ಎಲ್ಲೋ ತಪ್ಪಿಸ್ಕೊಂಡು ಹೋಯ್ತು ಅನ್ನಿ" ಎಂದು ಹೇಳಿಕೊಟ್ಟೆ. ಯಾರಿಗೆ ಹೇಳಿಕೊಟ್ಟೆನೋ! ಕೇಳಿದವರಿಗೆಲ್ಲ ಒಂದೇ ಉತ್ತರ: "ನಾನೇ ಕೊಂದೆ." ಕೂದಲು ಕತ್ತರಿಸಿಕೊಳ್ಳಲು ಬಂದ ಮಕ್ಕಳಿಗೂ ಅದೇ. ಮನೆಗೆ ಬಂದರೆ ತಟ್ಟೆಯಲ್ಲಿದ್ದುದನ್ನು ಕೆದಕಿ ಎದ್ದುಬಿಡುವುದು. ನನ್ನನ್ನು ಮಾತ್ರ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಬೈದು ಹಗುರಾಗುತ್ತಿದ್ದೆ. ಅದಕ್ಕೂ ಕಲ್ಲು ಹಾಕಿದರು.

ಮೊನ್ನೆ ಊಟದ ಡಬ್ಬಿ ಕೊಡಲು ಅಂಗಡಿಗೆ ಹೋದೆ. ಬಹಳ ದಿನದ ಮೇಲೆ ಬಂದಿದ್ದ ಆ ಮೇಷ್ಟ್ರು ಮುಖದ ತುಂಬ ಸೋಪಿನ ನೊರೆ ಹಚ್ಚಿಸಿಕೊಂಡು ಕೂತಿದ್ದರು. ಬೆಂಚಿನ ಮೇಲೆ ಇನ್ನೂ ಮೂವರು.

"ಎಲ್ಲಯ್ಯಾ ನಿನ್ನ ದೊರೆ? ವಾಸಿಯಾಯ್ತಾ?"

"ಕೊಂದೆ ಮೇಷ್ಟ್ರೇ. ಈ ಕೈಯಿಂದಲೇ."

ಮೇಷ್ಟ್ರು ಕಣ್ಣು ಮುಚ್ಚಿದರು. ನನಗೆ ತಡೆಯಲಾಗಲಿಲ್ಲ.

"ಇವರೊಬ್ರೇ ಅಲ್ಲ ಮೇಷ್ಟ್ರೇ. ಡಾಕ್ಟ್ರು ಬೇಡ ಅಂದೋಳು ನಾನು. ಗಟ್ಟಿಯಾಗಿ ಬೆರೆಸಿ ಅಂದೋಳು ನಾನು. ಪಾಪ, ಅದು ಬಿಡಿಸ್ಕೊಂಡು ಓಡೋಕೆ ನೋಡ್ತು. ಕಾಲು ಬಿಗಿಯಾಗಿ ಹಿಡಿದಿದ್ದೋಳೂ ನಾನೇ."

ಇವರು ಕತ್ತಿ ಕೆಳಗಿಟ್ಟರು. ಆ ಮಂಗಳವಾರದ ನಂತರ ಮೊದಲ ಸಲ ನನ್ನ ಮುಖ ನೋಡಿದರು.

"ಒಬ್ಬನ ಕೈಲಿ ಹೊರೋಕೆ ಆಗ್ತಿರಲಿಲ್ಲ ಕಣೇ" ಎಂದವರು ಗಿರಾಕಿಗಳೆದುರೇ ಅತ್ತುಬಿಟ್ಟರು.