ಅಂಗಾಲು ಮೇಸ್ತ್ರಿ

ಟೈಲ್ಸ್ ಹಾಕುವ ಆ ಮೇಸ್ತ್ರಿಯನ್ನು ಎಲ್ಲರೂ ಅಂಗಾಲು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ನೆಲದ ಮಟ್ಟ ನೋಡಲು ಬೇರೆಯವರು ರಸಮಟ್ಟ ಇಟ್ಟು ಕಣ್ಣು ಕಿರಿದು ಮಾಡಿ ಕೂತರೆ, ಇವನು ಚಪ್ಪಲಿ ಬಿಟ್ಟು ಒಂದು ಸುತ್ತು ಹಾಕುತ್ತಿದ್ದ. ಕೂದಲೆಳೆಯಷ್ಟು ಎದ್ದ ಅಂಚೂ ಅವನ ಅಂಗಾಲಿಗೆ ಸಿಕ್ಕಿಬೀಳುತ್ತಿತ್ತು. ಹಿಂದೆ ಮೊಣಕಾಲೂರಿ ಸಂದು ತುಂಬುತ್ತಾ ಬರುವ ಹೆಂಡತಿಗೆ ಆ ಕಾಲೆಂದರೆ ಒಳಗೊಳಗೇ ಹೆಮ್ಮೆ. ಹೇಳಿದರೆ ತಲೆ ಮೇಲೆ ಕೂರುತ್ತಾನೆಂದು ಯಾವತ್ತೂ ಬಾಯಿಬಿಟ್ಟಿರಲಿಲ್ಲ.

ಅವನಿಗೆ ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷ. ಮೊದಲು ತೀರದ ಬಾಯಾರಿಕೆ, ಗಂಟೆಗೊಮ್ಮೆ ಮೂತ್ರ. ಆಮೇಲೆ ಕೈಯ ತರಚುಗಾಯ ತಿಂಗಳಾದರೂ ಮಾಯಲಿಲ್ಲ, ಕಣ್ಣು ಮಂಜಾಗಿ ಕನ್ನಡಕ ಬಂತು. ಕೊನೆಗೆ ಪಾದದಲ್ಲಿ ಇರುವೆ ಹರಿದಂತಾಗಿ, ಕೆಂಡ ತುಳಿದಂಥ ಉರಿ ಶುರುವಾಯಿತು. ಮಹಾರಾಯ ಮಾತ್ರೆಯನ್ನು ಮನಸ್ಸು ಬಂದರೆ ನುಂಗುವುದು, ಬರದಿದ್ದರೆ ಬಿಡುವುದು. ಕೇಳಿದರೆ, "ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ." ಗುಂಡುಕಲ್ಲಂತೆ! ಗುಂಡುಕಲ್ಲಿಗಾದರೂ ಒಂದು ಮಾತು ನಾಟೀತು.

ಹೋದ ವರ್ಷ ಒಂದು ಬೆಳಿಗ್ಗೆ, "ಉರಿ ಪೂರ್ತಿ ಹೋಯ್ತು ಕಣೇ, ವಾಸಿಯಾಯ್ತು!" ಎಂದು ಕುಣಿದಾಡಿದ. ಅವತ್ತೇ ಮಾತ್ರೆ ನಿಲ್ಲಿಸಿದ. ಅವಳೂ ನಂಬಿದಳು. ನಂಬಿ, ಎರಡು ಚಮಚ ಸಕ್ಕರೆ ಹಾಕಿ ಟೀ ಮಾಡಿಕೊಟ್ಟಳು. ಆ ಟೀ ನೆನಪಾದರೆ ಈಗಲೂ ತನ್ನ ಕಪಾಳಕ್ಕೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ ಅವಳಿಗೆ.

ಅದಾದ ಮೇಲೆ ಒಂದು ಕಚೇರಿಯ ಬಿಳಿ ನೆಲ. ಕೆಲಸ ಮುಗಿಸಿ, ಸುತ್ತು ಹಾಕಿ, "ಕನ್ನಡಿ ಇದ್ದ ಹಾಗಿದೆ" ಎಂದ. ತಿರುಗಿ ನೋಡಿದರೆ ನೆಲದ ತುಂಬ ಕೆಂಪು ಹೆಜ್ಜೆಗಳು.

"ಯಾವನಯ್ಯಾ ಅದು, ಕಾಲು ಕುಯ್ಕೊಂಡು ನನ್ನ ನೆಲದ ಮೇಲೆ ಓಡಾಡಿರೋನು? ಮೈಮೇಲೆ ಗ್ಯಾನ ಇಲ್ವಾ?"

ಜೊತೆಗಿದ್ದ ಕೆಲಸದವರಿಬ್ಬರೂ ಪಾದ ಎತ್ತಿ ತೋರಿಸಿದರು. ಹೆಂಡತಿ ಹೆಜ್ಜೆಗಳ ಜಾಡು ಹಿಡಿದು ಬಂದಳು. ಜಾಡು ಗಂಡನ ಹಿಮ್ಮಡಿಯ ಕೆಳಗೆ ಮುಗಿದಿತ್ತು.

"ರೀ, ಕಾಲೆತ್ತಿ."

"ನಂದಲ್ಲ ಕಣೇ. ನಂಗೆ ನೋವೇ ಇಲ್ಲ."

"ಎತ್ರೀ ಅಂದ್ರೆ!"

ಬೆರಳ ಬುಡದಲ್ಲಿ ಟೈಲ್ಸಿನ ಚೂರು ಹೊಕ್ಕಿತ್ತು. ಎಷ್ಟು ದಿನದಿಂದಲೋ, ಸುತ್ತಲಿನ ಚರ್ಮ ಕಪ್ಪಾಗಿ ವಾಸನೆ ಹೊಡೆಯುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಅವನ ಕಣ್ಣು ಮುಚ್ಚಿಸಿ, ನೈಲಾನ್ ಎಳೆಯಿಂದ ಪಾದ ಮುಟ್ಟುತ್ತಾ ಹೋದರು. ಮುಟ್ಟಿದ ತಕ್ಷಣ ಹೇಳಬೇಕಿತ್ತು. ಕೊನೆಗೆ ಅವನು, "ಯಾವಾಗ ಶುರು ಮಾಡ್ತೀರಾ ಡಾಕ್ಟ್ರೇ?" ಎಂದ. ಹತ್ತು ಕಡೆ ಮುಟ್ಟಿ ಮುಗಿದಿತ್ತು. ಉರಿ ಹೋದದ್ದು ವಾಸಿಯಾಗಿ ಅಲ್ಲ, ನರ ಸತ್ತು ಎಂದರು ಡಾಕ್ಟರು. ಎರಡು ಬೆರಳು ತೆಗೆದರು. ಸಕ್ಕರೆ ಹಿಡಿತಕ್ಕೆ ಬರದಿದ್ದರೆ ಮುಂದಿನ ಸಲ ಪಾದ ಎಂದರು. ಬರಿಗಾಲಲ್ಲಿ ಇನ್ನೊಂದು ಹೆಜ್ಜೆಯನ್ನೂ ಇಡಕೂಡದೆಂದರು.

ಗಾಯ ಮಾಗಿ ಕೆಲಸಕ್ಕೆ ಹೋದ ಮೊದಲ ದಿನ, ಟೈಲ್ಸ್ ಕೂರಿಸಿ ಆದದ್ದೇ ಬೂಟು ಬಿಚ್ಚಲು ಬಗ್ಗಿದ.

"ಬಿಚ್ಚಿ ನೋಡೋಣ! ಉಳಿದಿರೋ ಮೂರು ಬೆರಳೂ ಭಾರವಾಗಿದ್ಯಾ ನಿಮ್ಗೆ?"

ಅವಳೇ ಚಪ್ಪಲಿ ಬಿಟ್ಟು ನಡೆದಳು. ಕಿಟಕಿಯ ಹತ್ತಿರ ನಿಂತಳು. "ಇಲ್ಲಿ ಅಂಚು ಎದ್ದಿದೆ."

"ನಾನು ಹಾಕಿದ್ದು ಅದು. ನಿನ್ನ ಕಾಲಿಗೇನು ಗೊತ್ತು?" ಕುಕ್ಕರಗಾಲಲ್ಲಿ ಕೂತು ಬೆರಳ ತುದಿಯಿಂದ ಸವರಿದ. "ಏನೂ ಇಲ್ಲ. ಬೆಣ್ಣೆ ಇದ್ದ ಹಾಗಿದೆ."

ಎದ್ದ ಅಂಚು ಅವಳ ಕಣ್ಣಿಗೇ ಕಾಣುತ್ತಿತ್ತು. ಪಕ್ಕದಲ್ಲಿ ಕೂತು, ಅವನ ತೋರುಬೆರಳ ತುದಿಗೆ ಗುರುತು ಮೂಡುವಷ್ಟು ಜೋರಾಗಿ ಉಗುರು ಒತ್ತಿದಳು. ಅವನು ಬೆರಳು ಎಳೆದುಕೊಳ್ಳದೆ ಟೈಲ್ಸನ್ನೇ ನೋಡುತ್ತಾ ಗೊಣಗುತ್ತಿದ್ದ.

"ಇವತ್ತು ಮಾತ್ರೆ ತಗೊಂಡ್ರಾ?"

"ನಾಳೆಯಿಂದ ತಗೋತೀನಿ ಬಿಡೇ."

ಅವಳು ಸುತ್ತಿಗೆ ಎತ್ತಿಕೊಂಡು ಆ ಟೈಲ್ಸನ್ನು ಪುಡಿ ಪುಡಿ ಮಾಡಿದಳು.