ಖಾಲಿ ಕುರ್ಚಿಗೆ ಸಂದ ಹಾಜರಾತಿ ಫಲಕ

ಪಾಠ ತಲೆಗೆ ಹತ್ತಬೇಕಾದರೆ ಮಗುವಿನ ಆರೋಗ್ಯ ಮೊದಲು ನೆಟ್ಟಗಿರಬೇಕು ಎಂಬ ಸತ್ಯವನ್ನು ನಮ್ಮ ಶಾಲೆಯಲ್ಲಿ ನೆಲೆಗೊಳಿಸಿದವರು, ಈಗ ನಿವೃತ್ತರಾಗುತ್ತಿರುವ ದಾದಿಯಮ್ಮನವರು. ಶಾಲಾ ಆರೋಗ್ಯ ಸೇವೆಯಲ್ಲಿ ಅವರದು ದೊಡ್ಡ ಹೆಸರು. ಕೆಮ್ಮಿದರೆ ಮೊಣಕೈ ಅಡ್ಡ ಹಿಡಿಯಿರಿ ಎಂದು ಹೇಳಿ ಹೇಳಿ, ಮಕ್ಕಳ ಬಾಯಲ್ಲಿ ಮಾತ್ರ ಅವರು 'ಮೊಣಕೈ ಅಮ್ಮ'.

ಸೇವೆಗೆ ಸೇರಿದ ಹೊಸದರಲ್ಲಿ ಅವರು ತಮ್ಮ ಕೊಠಡಿಯ ಪಕ್ಕದ ಸಂಗೀತ ಕೊಠಡಿಗೆ, ಅಂದರೆ ನನ್ನ ಬಳಿಗೆ ಬಂದರು.

"ಮೇಷ್ಟ್ರೇ, ಬೆರಳಸಂದಿ, ಉಗುರು ಎಲ್ಲಾ ಸೋಪು ಹಚ್ಚಿ ಉಜ್ಜೋವಷ್ಟು ಉದ್ದದ ಹಾಡೊಂದು ಕಟ್ಟಿಕೊಡಿ. ಆಲಾಪನೆ ಬೇಡ, ಪಾಠಕ್ಕೆ ತಡ ಆಗುತ್ತೆ."

ನನ್ನ ಕೃತಿಗಳಲ್ಲಿ ಇಂದಿಗೂ ದಿನನಿತ್ಯ ಹಾಡಲ್ಪಡುವುದು ಅದೊಂದೇ, ಅದೂ ನಲ್ಲಿಯ ಮುಂದೆ.

ಕೆಲವೇ ವರ್ಷಗಳ ಹಿಂದಿನವರೆಗೂ ಒಬ್ಬರೂ ರಜೆ ಹಾಕದ ತರಗತಿಗೆ ಫಲಕ ಕೊಡುವ ಪದ್ಧತಿಯಿತ್ತು. ಫಲಕದಾಸೆಗೆ ಮಕ್ಕಳು ಜ್ವರವನ್ನು ಸ್ವೆಟರಿನೊಳಗೆ ಬಚ್ಚಿಟ್ಟುಕೊಂಡು ಬರುತ್ತಿದ್ದರು. ಒಂದು ವರ್ಷ ನಮ್ಮ ಹೆಡ್‌ಮಾಸ್ಟರರು ಮೂಗು ಒರೆಸಿಕೊಳ್ಳುತ್ತಲೇ ಗೆದ್ದ ತರಗತಿಯ ಪ್ರತಿ ಮಗುವಿನ ಕೈ ಕುಲುಕಿದರು. ಮರುವಾರ ಫಲಕವಿದ್ದ ಆ ತರಗತಿಯೇ ಭಣಭಣ! ಉಬ್ಬಸವಿದ್ದ ಪುಟ್ಟ ಹುಡುಗಿಯೊಬ್ಬಳು ಫ್ಲೂ ಹತ್ತಿ ಆಸ್ಪತ್ರೆ ಸೇರಿದಳು.

"ಓದು ಆಮೇಲೆ, ನನ್ನ ಮಗಳು ಉಸಿರಾಡಬೇಕು. ಇನ್ನು ಕಳಿಸಲ್ಲ," ಎಂದರು ಅವಳ ತಾಯಿ.

ದಾದಿಯಮ್ಮ ಹೆಡ್‌ಮಾಸ್ಟರರನ್ನು ಖಾಲಿ ತರಗತಿಗೆ ಕರೆದೊಯ್ದರು. "ಸರ್, ಫಲಕ ಇಲ್ಲಿದೆ. ಮಕ್ಕಳೆಲ್ಲಿ?"

ಉತ್ತರವಾಗಿ ಹೆಡ್‌ಮಾಸ್ಟರರಿಗೆ ಬಂದದ್ದು ಸೀನು. ಅಂಗೈಗೇ ಸೀನಿ, ಆ ಕೈಯನ್ನು ಜೇಬಿನಲ್ಲಿ ಅಡಗಿಸಿಕೊಂಡರು. ಆದರೂ ದೊಡ್ಡ ಮನಸ್ಸಿನವರು, ಕೈ ತೊಳೆದು ಬಂದು ತಾವೇ ಫಲಕವನ್ನು ಕೆಳಗಿಳಿಸಿದರು. ಅಂದಿನಿಂದ ಫಲಕ ಸಿಗುವುದು, ಹುಷಾರಿಲ್ಲದವರನ್ನು ಮನೆಯಲ್ಲೇ ಉಳಿಸಿ, ವಾಸಿಯಾಗಿ ಬಂದಾಗ ಅವರಿಗೆ ತಪ್ಪಿದ ಪಾಠ ಹೇಳಿಕೊಡುವ ತರಗತಿಗೆ. ದಾದಿಯಮ್ಮ ಮನೆಮನೆ ಅಲೆದು, ಆ ಹುಡುಗಿಯ ಸಹಪಾಠಿಗಳಿಗೆಲ್ಲ ಫ್ಲೂ ಲಸಿಕೆ ಹಾಕಿಸಲು ಹೆತ್ತವರನ್ನು ಒಪ್ಪಿಸಿದರು. ಆ ಮೇಲೆಯೇ ತಾಯಿ ಮಗಳ ಕೈ ಹಿಡಿದು ಗೇಟಿನೊಳಗೆ ಬಂದದ್ದು. ಅಂದು ದಾದಿಯಮ್ಮ ಅತ್ತದ್ದನ್ನು ಗೋಡೆಯಾಚೆಯಿಂದ ನಾನು ಕೇಳಿದ್ದೇನೆ.

ಕಳೆದ ವಾರ ಅವರ ಸನ್ಮಾನ. ಸಭೆ ಕಿಕ್ಕಿರಿದಿತ್ತು, ಭಾಷಣಕಾರರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಗೊಗ್ಗರು ದನಿಯ ಫೋನು ಬಂತು.

"ಮೇಷ್ಟ್ರೇ, ಜ್ವರ. ನಾನು ಬರಲ್ಲ."

"ಅಯ್ಯೋ, ಸನ್ಮಾನ ನಿಮಗೇ ಅಲ್ವಾ!"

"ಅದಕ್ಕೇ ಬರಲ್ಲ. ಮಕ್ಕಳೆಲ್ಲಾ ಬಂದು ಕೈ ಹಿಡ್ಕೋತಾರೆ."

ವಿಷಯ ತಿಳಿಸಿದಾಗ ಸಭೆ ಗೊಳ್ಳೆಂದು ನಕ್ಕಿತು. ಆ ಉಬ್ಬಸದ ಹುಡುಗಿ ಈಗ ನಮ್ಮ ಗಾಯನ ತಂಡದ ಮುಂದಾಳು. ಅವಳು ಫಲಕವನ್ನೆತ್ತಿ ತಂದು, ವೇದಿಕೆಯ ಖಾಲಿ ಕುರ್ಚಿಯ ಮೇಲಿಟ್ಟಳು. ಆಮೇಲೆ ತುಂಬು ಉಸಿರೆಳೆದು ಕೈತೊಳೆಯುವ ಹಾಡನ್ನು ಎತ್ತಿಕೊಂಡಳು. ಸಭೆಗೆ ಸಭೆಯೇ ಎದ್ದುನಿಂತು ದನಿಗೂಡಿಸಿತು.

ದಾದಿಯಮ್ಮನವರು ಬೇಗ ಗುಣವಾಗಲಿ, ನೂರ್ಕಾಲ ಬಾಳಲಿ, ಇನ್ನೂ ನೂರಾರು ಶಾಲೆಗಳನ್ನು ಗದರಿಸಲಿ. ಫಲಕ ಅವರಿಗಾಗಿ ಕಾದಿದೆ. ಜ್ವರ ಪೂರ್ತಿ ಬಿಟ್ಟ ಮೇಲೆ ಬಂದು ಒಯ್ಯಬೇಕಾಗಿ ವಿನಂತಿ.